ದಾರಿ ತೋರಿಸುವ ಯಂತ್ರವೂ ದಾರಿಯ ವಿಚಾರಣೆಯೂ

ಈಗ ಅನೇಕರು ಗುರುತಿಲ್ಲದ ಊರಿಗೆ ಹೊರಡುವಾಗ ಮೊಬೈಲ್ ಫೋನಿನ ನಕ್ಷೆಯನ್ನೇ ನಂಬುತ್ತಾರೆ. ಅದರಿಂದ ಬಹಳ ಉಪಕಾರವುಂಟು. ಆದರೂ ಆ ಯಂತ್ರವು ಏನನ್ನು ಬಲ್ಲದು, ಏನನ್ನು ಅರಿಯದು ಎಂಬದನ್ನು ತಿಳಿಯದೆ ಹೊರಡುವದು ಅಪಾಯಕರವಾದದ್ದು. ಆದಕಾರಣ ಇದನ್ನು ಕ್ರಮವಾಗಿ ವಿಚಾರಿಸೋಣ.

1. ಯಂತ್ರವು ಬಲ್ಲದ್ದು. ಜಿ.ಪಿ.ಎಸ್. ಎಂಬ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಾ ಸಂಜ್ಞೆಗಳನ್ನು ಕಳುಹಿಸುತ್ತವೆ. ಫೋನು ಕಡಿಮೆಯೆಂದರೂ ನಾಲ್ಕು ಉಪಗ್ರಹಗಳ ಸಂಜ್ಞೆಗಳನ್ನು ಹಿಡಿದು, ಅವು ಬಂದು ಮುಟ್ಟಿದ ವೇಳೆಯಿಂದ ತಾನಿರುವ ಸ್ಥಳವನ್ನು ಲೆಕ್ಕ ಹಾಕುತ್ತದೆ. ಈ ಉಪಗ್ರಹಗಳಿಂದ ದೊರೆಯುವ ತಿಳುವಳಿಕೆ ಇಷ್ಟೇ. ದಾರಿಯ ಗೆರೆಯಾದರೋ ಮೊದಲೇ ಸಿದ್ಧಮಾಡಿಟ್ಟ ನಕ್ಷೆಯದು. ಆ ನಕ್ಷೆಯನ್ನು ಫೋನಿನಲ್ಲಿ ಮುಂಚಿತವಾಗಿ ಇಳಿಸಿಕೊಳ್ಳದಿದ್ದರೆ, ಸಿಗ್ನಲ್ ಇಲ್ಲದ ಕಾಡಿನಲ್ಲಿ ಅದು ಕಾಣದೆ ಹೋಗಬಹುದು.

2. ಯಂತ್ರವು ಅರಿಯದ್ದು. 2024ರ ಜೂನ್ ತಿಂಗಳಲ್ಲಿ ಕಾಸರಗೋಡು ಜಿಲ್ಲೆಯ ಇಬ್ಬರು ಯುವಕರು ಕರ್ನಾಟಕದ ಒಂದು ಆಸ್ಪತ್ರೆಗೆಂದು ನಸುಕಿನಲ್ಲಿ ಹೊರಟು, ನಕ್ಷೆ ತೋರಿಸಿದ ದಾರಿಯಲ್ಲಿ ಪಳ್ಳಂಜಿ ಎಂಬಲ್ಲಿಗೆ ಬಂದರು. ತಡೆಗೋಡೆಯಿಲ್ಲದ ಸೇತುವೆಯ ಮೇಲೆ ಹೊಳೆ ಹರಿಯುತ್ತಿದ್ದದ್ದು ಕತ್ತಲಲ್ಲಿ ತಿಳಿಯಲಿಲ್ಲ. ಕಾರು ಕೊಚ್ಚಿಹೋಗಿ ಒಂದು ಮರಕ್ಕೆ ತಗಲಿ ನಿಂತಿತು. ಅವರು ಹೊರಬಿದ್ದು, ತಾವಿರುವ ಸ್ಥಳವನ್ನು ಫೋನಿನಲ್ಲಿ ತಿಳಿಸಿದ್ದರಿಂದ ಅಗ್ನಿಶಾಮಕ ದಳದವರು ಹಗ್ಗದಿಂದ ಅವರನ್ನು ಪಾರುಮಾಡಿದರು. ಗಮನಿಸಿರಿ: ಸ್ಥಳವನ್ನು ತಿಳಿಸುವದರಲ್ಲಿ ಫೋನು ನೆರವಾಯಿತು, ನೀರು ಏರಿದ್ದನ್ನು ತಿಳಿಸಲಾರದೆ ಹೋಯಿತು. ಅದೇ ವರುಷದ ನವೆಂಬರಿನಲ್ಲಿ ಉತ್ತರ ಪ್ರದೇಶದ ಬರೇಲಿಯ ಬಳಿ, ನಕ್ಷೆಯನ್ನು ಅನುಸರಿಸಿದ ಮೂವರು ಮುರಿದ ಸೇತುವೆಯಿಂದ ರಾಮಗಂಗಾ ನದಿಗೆ ಬಿದ್ದು ಮೃತರಾದರು.

3. ನಮ್ಮ ಸೀಮೆಯ ವಿಷಯ. ಮಾರ್ಕೋನಹಳ್ಳಿಯಲ್ಲಿ ಶಿಂಷಾ ನದಿಗೆ ಕಟ್ಟಿದ ಅಣೆಕಟ್ಟಿಗೆ ಸೈಫನ್‌ಗಳುಂಟು. ಜಲಾಶಯದ ನೀರು ಗೊತ್ತಾದ ಮಟ್ಟವನ್ನು ಮೀರಿದರೆ, ಯಾರೂ ಬಾಗಿಲು ತೆರೆಯದೆಯೇ ಅವು ತಾವಾಗಿ ನೀರನ್ನು ಹೊರಕ್ಕೆ ಸುರಿಸುತ್ತವೆ. 2025ರ ಅಕ್ಟೋಬರಿನಲ್ಲಿ ಕಟ್ಟೆಯ ಕೆಳಗೆ ನೀರಿಗೆ ಇಳಿದಿದ್ದ ಒಂದು ಕುಟುಂಬದವರಲ್ಲಿ ಹಲವರು ಹಠಾತ್ತಾಗಿ ಬಂದ ಪ್ರವಾಹಕ್ಕೆ ಸಿಕ್ಕಿ ಪ್ರಾಣ ಕಳಕೊಂಡರು. ಅವರನ್ನು ನಕ್ಷೆಯು ತಪ್ಪು ದಾರಿಗೆ ಎಳೆಯಲಿಲ್ಲ. ಆದರೆ ಬೆಳಿಗ್ಗೆ ಮೊಣಕಾಲುದ್ದವಿದ್ದ ಹೊಳೆ ಮಧ್ಯಾಹ್ನಕ್ಕೆ ಆಳುದ್ದವಾಗಬಹುದೆಂಬದನ್ನು ಯಾವ ನಕ್ಷೆ ಬಲ್ಲದು? ಹೊಳೆಯ ದಂಡೆಯ ರೈತನೂ ಕುರಿ ಕಾಯುವ ಹುಡುಗನೂ ಬಲ್ಲರು.

4. ನಾವು ಮಾಡತಕ್ಕದ್ದು. ಹೊರಡುವ ಮುಂಚೆ ದಾರಿಯ ಊರುಗಳ ಹೆಸರನ್ನು ಕಾಗದದಲ್ಲಿ ಬರೆದುಕೊಳ್ಳಬೇಕು. ಯಾಕಂದರೆ ಫೋನಿನ ಬ್ಯಾಟರಿ ಮುಗಿದರೆ ನಕ್ಷೆಯೂ ಮುಗಿಯಿತು. ಮಳೆಗಾಲದಲ್ಲಿ ಹೊಳೆ ದಾಟುವ ಅಡ್ಡದಾರಿಗಿಂತ ಸುತ್ತಿನ ಹೆದ್ದಾರಿಯೇ ಲೇಸು. ಸೇತುವೆಯ ಮೇಲೆ ನೀರು ಹರಿಯುತ್ತಿದ್ದರೆ ನಿಲ್ಲಬೇಕು, ಹಿಂದಿರುಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಆ ಊರಿನವರನ್ನು ಕೇಳಲು ನಾಚಿಕೊಳ್ಳಬಾರದು. ಆಪತ್ತು ಬಂದರೆ 112ಕ್ಕೆ ಕರೆಮಾಡಿ ಸ್ಥಳವನ್ನು ತಿಳಿಸಬೇಕು.

ಆಲೋಚಿಸತಕ್ಕ ಪ್ರಶ್ನೆಗಳು: ನಮ್ಮ ಊರಿನ ಯಾವ ದಾರಿಯು ನಕ್ಷೆಯಲ್ಲಿ ಸುಗಮವಾಗಿ ಕಂಡರೂ ಮಳೆಯಲ್ಲಿ ನಡೆಯತಕ್ಕದ್ದಲ್ಲ? ಆ ದಾರಿಗೆ ಬರುವ ಪರಸ್ಥಳದವನಿಗೆ ಅದನ್ನು ಹೇಳುವವರು ಯಾರು?