ಲಾಗ್ ಔಟ್ ಆದ ಬಳಿಕ ಉಳಿಯುವುದೇನು?

ಹೊಸಪೇಟೆಯ ಮಂಡಿ, ಕಂಪ್ಲಿಯ ಅಕ್ಕಿ ಗಿರಣಿ, ಸಂಡೂರಿನ ಅದಿರು ಸಾಗಣೆ ಕಚೇರಿ, ಎಲ್ಲೇ ಆಗಲಿ, ಒಂದೇ ಸರ್ವರ್‌ನಲ್ಲಿ ಹಲವು ಗುಮಾಸ್ತರು ಲೆಕ್ಕ ಬರೆಯುವುದಾದರೆ ಮಾಲೀಕರು ಒಂದು ವಿಷಯವನ್ನು ಅರಿತಿರಬೇಕು: ಗುಮಾಸ್ತರು ಲಾಗ್ ಔಟ್ ಆದೊಡನೆ ಅವರ ಸೆಷನ್ ಮುಗಿಯಿತೆಂದು ಭಾವಿಸಲಾಗದು.

ಗುಪ್ತಪದ ನೀಡಿ ಒಳಬಂದವರ ಹೆಸರಿನಲ್ಲಿ ನಡೆಯುವ ಎಲ್ಲ ಕಾರ್ಯಗಳ ಸಮೂಹವೇ ಸೆಷನ್. ಅವರು ಹೊರಟ ಮೇಲೂ ಕೆಲವು ಪ್ರೋಗ್ರಾಂಗಳು ಉಳಿದರೆ ಮೆಮೊರಿ ವ್ಯರ್ಥವಾಗುತ್ತದೆ. ತೆರೆದಿಟ್ಟ ಕಡತ ಮುಂದಿನವರಿಗೆ ದೊರೆಯದಿರಬಹುದು. ಹಾಗೆಂದು ಎಲ್ಲವನ್ನೂ ಅಳಿಸುವುದೂ ಅಪಾಯಕರ.

ಲಿನಕ್ಸ್ ಸರ್ವರ್‌ಗಳಲ್ಲಿ ಈ ಶುಚಿಕಾರ್ಯವನ್ನು ಸಾಮಾನ್ಯವಾಗಿ ಸಿಸ್ಟಮ್‌ಡಿ ತಂತ್ರಾಂಶದ ಲಾಗಿನ್‌ಡಿ ಎಂಬ ಭಾಗ ನಿರ್ವಹಿಸುತ್ತದೆ. 2016ರ ಮೇ ತಿಂಗಳಲ್ಲಿ ಬಂದ ಅದರ 230ನೇ ಆವೃತ್ತಿಯು, ಬಳಕೆದಾರರು ಹೊರಟೊಡನೆ ಅವರ ಪ್ರೋಗ್ರಾಂಗಳನ್ನೆಲ್ಲ ನಿಲ್ಲಿಸುವುದನ್ನು ಮೂಲ ನಿಯಮವನ್ನಾಗಿಸಿತು. ರಾತ್ರಿಯಿಡೀ ನಡೆಯಲೆಂದು ಬಿಟ್ಟ ಕೆಲಸಗಳೂ ನಿಲ್ಲುವಂತಾದುದರಿಂದ ಆಕ್ಷೇಪಗಳೆದ್ದವು. ಡೆಬಿಯನ್ ಈ ನಿಯಮವನ್ನು ತನ್ನಲ್ಲಿ ಕೈಬಿಟ್ಟಿತು.

ಇದಕ್ಕಿಂತಲೂ ಗಂಭೀರವಾದುದು 'ರಿಮೂವ್ ಐಪಿಸಿ' ಎಂಬ ನಿಯಮ. ಇದು ಹೊರಟವರ ಹೆಸರಿನಲ್ಲಿರುವ ಹಂಚಿಕೆಯ ಮೆಮೊರಿಯನ್ನು ಅಳಿಸುತ್ತದೆ. ಪೋಸ್ಟ್‌ಗ್ರೆ ದತ್ತಸಂಚಯವು ಸಾಮಾನ್ಯ ಬಳಕೆದಾರರ ಹೆಸರಿನಲ್ಲಿ ನಡೆಯುತ್ತಿದ್ದು, ಅದೇ ಹೆಸರಿನಲ್ಲಿ ಒಳಬಂದವರು ಹೊರಟರೆ, ನಡೆಯುತ್ತಿರುವ ದತ್ತಸಂಚಯದ ಆಧಾರವೇ ಕಳಚುತ್ತದೆ. ವಹಿವಾಟಿನ ನಡುವೆ ಲೆಕ್ಕ ಸ್ಥಗಿತಗೊಳ್ಳಬಹುದು. ಪೋಸ್ಟ್‌ಗ್ರೆಯ ಕೈಪಿಡಿಯೇ ಈ ಎಚ್ಚರಿಕೆಯನ್ನು ನೀಡಿದೆ.

ಪರಿಹಾರಗಳು ಹೀಗಿವೆ:

1. ದತ್ತಸಂಚಯ ಮತ್ತು ಬ್ಯಾಕಪ್‌ಗಳು ಗುಮಾಸ್ತರ ಹೆಸರಿನಲ್ಲಿರದೆ, ಸಿಸ್ಟಂ ಬಳಕೆದಾರರ ಹೆಸರಿನಲ್ಲಿ ಸೇವೆಗಳಾಗಿ ನಡೆಯಲಿ. ಸಿಸ್ಟಂ ಬಳಕೆದಾರರಿಗೆ 'ರಿಮೂವ್ ಐಪಿಸಿ' ಅನ್ವಯಿಸದು. ಅದು ಅಸಾಧ್ಯವಾದರೆ ಆ ನಿಯಮಕ್ಕೆ 'ನೋ' ಎಂದು ಬರೆಯಿಸಿರಿ.

2. 'ಕಿಲ್ ಯೂಸರ್ ಪ್ರೊಸೆಸಸ್' ನಿಯಮಕ್ಕೆ 'ಯೆಸ್' ಎಂದು ಬರೆಯಿಸಿ, 'ಕಿಲ್ ಓನ್ಲಿ ಯೂಸರ್ಸ್' ಸಾಲಿನಲ್ಲಿ ಗುಮಾಸ್ತರ ಬಳಕೆದಾರ ಹೆಸರುಗಳನ್ನಷ್ಟೇ ಸೇರಿಸಿರಿ. ಆಗ ಅವರ ಪ್ರೋಗ್ರಾಂಗಳು ಮಾತ್ರ ನಿಲ್ಲುತ್ತವೆ.

3. ವಿಂಡೋಸ್ ಸರ್ವರ್ ಇರುವವರು ಗಮನಿಸಿರಿ: ರಿಮೋಟ್ ಡೆಸ್ಕ್‌ಟಾಪ್ ಕಿಟಕಿಯನ್ನು ಮುಚ್ಚಿದರೆ ಸಂಪರ್ಕ ಮಾತ್ರ ಕಡಿಯುತ್ತದೆ, ಸೆಷನ್ ಮುಂದುವರಿಯುತ್ತದೆ. ಗುಮಾಸ್ತರು 'ಸೈನ್ ಔಟ್' ಮಾಡಲೇಬೇಕು. ಸಂಪರ್ಕ ಕಡಿದ ಸೆಷನ್‌ಗಳಿಗೆ ಕಾಲಮಿತಿಯನ್ನೂ ಗೊತ್ತುಪಡಿಸಬಹುದು.

ಯಾವುದೇ ಬದಲಾವಣೆಗೆ ಮುನ್ನ ಬ್ಯಾಕಪ್ ತೆಗೆದಿರಿಸಿ, ರಜಾದಿನದಂದು ಪರೀಕ್ಷಿಸಿರಿ. ಒಬ್ಬರನ್ನು ಲಾಗ್ ಔಟ್ ಮಾಡಿಸಿ, ಲಿನಕ್ಸ್‌ನಲ್ಲಿ 'ಲಾಗಿನ್‌ಸಿಟಿಎಲ್ ಲಿಸ್ಟ್-ಸೆಷನ್ಸ್' ಆದೇಶದಿಂದ, ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್‌ನ 'ಯೂಸರ್ಸ್' ಪಟ್ಟಿಯಿಂದ ಪರಿಶೀಲಿಸಿರಿ. ಹೊರಟವರ ಸೆಷನ್ ಪಟ್ಟಿಯಲ್ಲಿರಬಾರದು. ಸಂಸ್ಥೆಯ ಲೆಕ್ಕ ಮಾತ್ರ ಎಂದಿನಂತೆ ತೆರೆಯಬೇಕು. ಇವೆರಡೂ ಖಚಿತವಾದ ಬಳಿಕವೇ ವ್ಯವಸ್ಥೆ ಸರಿಯಾಗಿದೆಯೆಂದು ತಿಳಿಯತಕ್ಕದ್ದು.