ಬೆಳ್ಳಿಕಣದ ಬಣ್ಣ ಓದುವ ಮುನ್ನ: ಪ್ರಯೋಗಾಲಯ ಕಲಿಸಿದ ಏಳು ಪಾಠಗಳು

ಗಾಜಿನ ಮೇಲೆ ಕೆಲವು ನೂರು ನ್ಯಾನೊಮೀಟರ್ ದಪ್ಪದ ಸಿಲಿಕಾ ಅಥವಾ ಟೈಟಾನಿಯಾ ಪದರ. ಅದರ ತುಂಬ ಕಣ್ಣಿಗೆ ಕಾಣದ ರಂಧ್ರಗಳು, ರಂಧ್ರಗಳೊಳಗೆ ಬೆಳ್ಳಿಯ ಕಣಗಳು. ಇಂಥ ಪದರಗಳನ್ನು ಮಾಡಿ, ಅವುಗಳ ಮೂಲಕ ಬೆಳಕು ಹಾಯಿಸಿ ನೋಡುವುದು ನನ್ನ ಕೆಲಸ. ಬೆಳಕು ಬಿದ್ದಾಗ ಕಣದೊಳಗಿನ ಎಲೆಕ್ಟ್ರಾನುಗಳು ಒಟ್ಟಾಗಿ ಅತ್ತಿತ್ತ ತೂಗುತ್ತವೆ. ಒಂದು ನಿರ್ದಿಷ್ಟ ತರಂಗಾಂತರದಲ್ಲಿ ಆ ತೂಗಾಟ ಜೋರಾಗಿ, ಕಣ ಆ ಬೆಳಕನ್ನು ಹೀರಿಕೊಳ್ಳುತ್ತದೆ. ಇದೇ ಪ್ಲಾಸ್ಮಾನ್ ಅನುರಣನೆ. ಆದರೆ ಸ್ಪೆಕ್ಟ್ರಮ್‌ನಲ್ಲಿ ಏಳುವ ಶಿಖರದಲ್ಲಿ ಬೆಳ್ಳಿಯ ಜೊತೆಗೆ ರಂಧ್ರಕ್ಕೂ ತೇವಕ್ಕೂ ಅಡಿಯ ಗಾಜಿಗೂ ಪಾಲಿದೆ. ಯಾರ ಪಾಲು ಎಷ್ಟು ಎಂದು ಬೇರ್ಪಡಿಸುವುದೇ ಈ ಕಸುಬಿನ ತಿರುಳು.

1. ಮೊದಲು ಖಾಲಿ ಪದರವನ್ನು ಅಳೆಯಿರಿ. ಅದೇ ದ್ರಾವಣ, ಅದೇ ವೇಗದ ಲೇಪನ, ಅದೇ ಶಾಖ. ಬೆಳ್ಳಿ ಮಾತ್ರ ಬೇಡ. ಎಲಿಪ್ಸೊಮೀಟರ್‌ನಲ್ಲಿ ಅದರ ದಪ್ಪ ಮತ್ತು ವಕ್ರೀಭವನಾಂಕವನ್ನು ಕಂಡುಕೊಳ್ಳಿ. ರಂಧ್ರವಿಲ್ಲದ ಸಿಲಿಕಾದ ವಕ್ರೀಭವನಾಂಕ 1.46ರಷ್ಟು, ಅದರೊಳಗಿನ ಚಿಕ್ಕ ಬೆಳ್ಳಿಕಣಗಳ ಶಿಖರ 400 ನ್ಯಾನೊಮೀಟರ್ ಆಸುಪಾಸಿನಲ್ಲಿ ಬರುತ್ತದೆ, ಪದರ ಹಳದಿಯಾಗಿ ಕಾಣುತ್ತದೆ. ದಟ್ಟವಾದ ಅನಟೇಸ್ ಟೈಟಾನಿಯಾದ ವಕ್ರೀಭವನಾಂಕ 2.5ರ ಹತ್ತಿರ. ರಂಧ್ರಗಳು ಹೆಚ್ಚಾದರೆ ಅದು 2ಕ್ಕಿಂತ ಕೆಳಗಿಳಿಯಬಹುದು. ಸುತ್ತಲಿನ ಮಾಧ್ಯಮದ ವಕ್ರೀಭವನಾಂಕ ಹೆಚ್ಚಿದಷ್ಟೂ ಶಿಖರ ಕೆಂಪಿನ ಕಡೆಗೆ ಸರಿಯುತ್ತದೆ. ಖಾಲಿ ಪದರದ ಅಂಕಿ ಕೈಯಲ್ಲಿಲ್ಲದೆ ಹೋದರೆ, ಶಿಖರ ಸರಿದದ್ದು ಕಣ ದಪ್ಪವಾದದ್ದರಿಂದಲೋ ರಂಧ್ರ ಕಡಿಮೆಯಾದದ್ದರಿಂದಲೋ ಹೇಳಲಾಗದು.

2. ಸ್ಲೈಡನ್ನು ಓರೆ ಮಾಡಿ ನೋಡಿ. ಪದರದ ಮೇಲ್ಮೈಯಿಂದಲೂ ತಳದಿಂದಲೂ ಪ್ರತಿಫಲಿಸಿದ ಬೆಳಕು ಸೇರಿ ವ್ಯತಿಕರಣದ ಅಲೆಗಳನ್ನು ಮೂಡಿಸುತ್ತದೆ. ಅವು ಪ್ಲಾಸ್ಮಾನ್ ಶಿಖರದ ವೇಷ ತೊಡಬಲ್ಲವು. ಓರೆ ಮಾಡಿದಾಗ ವ್ಯತಿಕರಣದ ಅಲೆ ಕಿರಿಯ ತರಂಗಾಂತರದತ್ತ ಜಾರುತ್ತದೆ. ಗೋಳಾಕಾರದ ಕಣಗಳ ಶಿಖರ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಪಾರಗಮನವನ್ನಷ್ಟೇ ಅಳೆದು ನಿಲ್ಲಿಸದೆ ಪ್ರತಿಫಲನವನ್ನೂ ಅಳೆಯಿರಿ. ಎರಡನ್ನೂ ಕಳೆದ ಮೇಲೆ ಉಳಿಯುವುದರಲ್ಲಿ ಮಾತ್ರ ಹೀರಿಕೆಯನ್ನು ಹುಡುಕಬೇಕು.

3. ತೇವವನ್ನು ಲೆಕ್ಕಕ್ಕೆ ಹಿಡಿಯಿರಿ. ಎರಡರಿಂದ 50 ನ್ಯಾನೊಮೀಟರ್ ಅಗಲದ ರಂಧ್ರಗಳನ್ನು ಮೆಸೊರಂಧ್ರಗಳೆನ್ನುತ್ತಾರೆ. ಮಣ್ಣಿನ ಹೂಜಿಯ ಗೋಡೆ ನೀರು ಹೀರುವ ಹಾಗೆ ಇವು ಗಾಳಿಯ ತೇವವನ್ನು ಹೀರುತ್ತವೆ. ಗಾಳಿ ಪೂರ್ತಿ ತೇವದಿಂದ ತುಂಬುವ ಮೊದಲೇ ಕಿರಿದಾದ ರಂಧ್ರದಲ್ಲಿ ಆವಿ ನೀರಾಗಿಬಿಡುತ್ತದೆ. ಕಣದ ಸುತ್ತ 1 ಇದ್ದ ವಕ್ರೀಭವನಾಂಕ 1.33 ಆಗುತ್ತದೆ, ಶಿಖರ ಕೆಂಪಿನತ್ತ ಸರಿಯುತ್ತದೆ. ಬೇಸಿಗೆಯ ಬಯಲುಸೀಮೆಯಲ್ಲಿ ಅಳೆದ ಪದರ ಮಳೆಗಾಲದ ಕರಾವಳಿಯಲ್ಲಿ ಬೇರೆ ಅಂಕಿ ಕೊಟ್ಟರೆ ಅಚ್ಚರಿಯಿಲ್ಲ. ಅಳೆಯುವ ಮುನ್ನ ಪದರವನ್ನು ಒಣಗಿಸಿ, ಕೋಣೆಯ ಆರ್ದ್ರತೆಯನ್ನು ಪುಸ್ತಕದಲ್ಲಿ ಬರೆಯಿರಿ. ಇದೇ ಗುಣವನ್ನು ಪಳಗಿಸಿದರೆ ಅದು ಆವಿಯನ್ನು ಪತ್ತೆಹಚ್ಚುವ ಸಂವೇದಕವಾಗುತ್ತದೆ.

4. ಅಗಲವಾದ ಶಿಖರ ಕಂಡರೆ ಕಣಗಳ ಗಾತ್ರ ಏರುಪೇರಾಗಿದೆ ಎಂದು ಥಟ್ಟನೆ ತೀರ್ಮಾನಿಸಬೇಡಿ. ಬೆಳ್ಳಿಯಲ್ಲಿ ಎಲೆಕ್ಟ್ರಾನು ಎಲ್ಲೂ ಡಿಕ್ಕಿ ಹೊಡೆಯದೆ ಸರಾಸರಿ 50 ನ್ಯಾನೊಮೀಟರಿನಷ್ಟು ದೂರ ಸಾಗುತ್ತದೆ. ಐದು ನ್ಯಾನೊಮೀಟರಿನ ಕಣದಲ್ಲಿ ಅದಕ್ಕೆ ಅಷ್ಟು ಜಾಗವೆಲ್ಲಿ? ಮೇಲ್ಮೈಗೆ ಬಡಿಬಡಿದು ಆಂದೋಲನ ಬೇಗ ಕುಗ್ಗುತ್ತದೆ. ಕಣಗಳೆಲ್ಲ ಒಂದೇ ಗಾತ್ರದವಾದರೂ ಶಿಖರ ತಗ್ಗಿ ಅಗಲವಾಗುತ್ತದೆ. 1972ರಲ್ಲಿ ಜಾನ್ಸನ್ ಮತ್ತು ಕ್ರಿಸ್ಟಿ ಪ್ರಕಟಿಸಿದ ಲೋಹಗಳ ದೃಕ್ ಸ್ಥಿರಾಂಕಗಳನ್ನು ಇಷ್ಟು ಚಿಕ್ಕ ಕಣಗಳಿಗೆ ತಿದ್ದುಪಡಿಯಿಲ್ಲದೆ ಹಾಕಬಾರದು.

5. ಸೂತ್ರದ ಎಲ್ಲೆಯನ್ನು ಅರಿತಿರಿ. ಕಣಗಳು ಹುದುಗಿದ ಪದರ ಒಟ್ಟಾರೆ ಬೆಳಕಿನೊಡನೆ ಹೇಗೆ ವರ್ತಿಸುತ್ತದೆ ಎಂದು ಲೆಕ್ಕ ಹಾಕಲು ಮ್ಯಾಕ್ಸ್‌ವೆಲ್ ಗಾರ್ನೆಟ್ 1904ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಮ್ಮ ಮೊದಲ ಆಸರೆ. ಆದರೆ ಅದು ಕಣಗಳು ವಿರಳವಾಗಿ, ಒಂದಕ್ಕೊಂದು ದೂರ ಇರುವ ಪದರಕ್ಕೆ ಸಲ್ಲುತ್ತದೆ. ಬೆಳ್ಳಿಯನ್ನು ಮತ್ತೆ ಮತ್ತೆ ತುಂಬಿಸಿದಾಗ ಕಣಗಳು ಹತ್ತಿರವಾಗಿ ಒಂದರ ಕ್ಷೇತ್ರ ಇನ್ನೊಂದನ್ನು ತಟ್ಟುತ್ತದೆ, ಆಗ ಲೆಕ್ಕ ತಪ್ಪುತ್ತದೆ.

6. ಮೇಲ್ಮೈಯನ್ನೂ ಅಡಿಯ ಗಾಜನ್ನೂ ಪರೀಕ್ಷಿಸಿ. ಕಾಯಿಸುವಾಗ ಬೆಳ್ಳಿ ರಂಧ್ರದಿಂದ ಹೊರಬಂದು ಪದರದ ಮೇಲೆ ದೊಡ್ಡ ಕಣಗಳಾಗಿ ಕೂರಬಹುದು. ಚಿಕ್ಕ ಕಣದ ಹೀರಿಕೆ ತ್ರಿಜ್ಯದ ಮೂರನೇ ಘಾತದಲ್ಲಿ ಏರಿದರೆ, ಚದುರಿಕೆ ಆರನೇ ಘಾತದಲ್ಲಿ ಏರುತ್ತದೆ. ಆದ್ದರಿಂದ ಕೆಲವೇ ದೊಡ್ಡ ಕಣಗಳು ಪದರವನ್ನು ಮಬ್ಬಾಗಿಸಲು ಸಾಕು. ಸಾಮಾನ್ಯ ಸೋಡಾ-ಸುಣ್ಣದ ಗಾಜಿನ ಕಥೆಯೇ ಬೇರೆ: ಬಿಸಿಯಲ್ಲಿ ಗಾಜಿನ ಸೋಡಿಯಂ ಜಾಗಕ್ಕೆ ಬೆಳ್ಳಿಯ ಅಯಾನು ನುಗ್ಗಿ ಗಾಜನ್ನೇ ಹಳದಿ ಮಾಡುತ್ತದೆ. ಯುರೋಪಿನ ಚರ್ಚುಗಳ ಕಿಟಕಿಗಾಜಿಗೆ 14ನೇ ಶತಮಾನದಿಂದ ಹಳದಿ ಬಂದದ್ದು ಹೀಗೆಯೇ. ಕುಲುಮೆಗೆ ಹೋಗುವ ಸ್ಯಾಂಪಲ್ಲಿಗೆ ಶುದ್ಧ ಸಿಲಿಕಾ ಗಾಜನ್ನೇ ಬಳಸಿ. ಪದರದ ಅಡ್ಡಕೊಯ್ತವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ.

7. ಸ್ಯಾಂಪಲ್ ಕಂಡ ಬೆಳಕನ್ನೂ ದಾಖಲಿಸಿ. ಟೈಟಾನಿಯಾದೊಳಗಿನ ಬೆಳ್ಳಿಗೆ ಅತಿನೇರಳೆ ಬೆಳಕು ಬಿದ್ದರೆ ಅಯಾನುಗಳು ಕಣಗಳಾಗುತ್ತವೆ. ಗೋಚರ ಬೆಳಕು ಬಿದ್ದರೆ, ಅದನ್ನು ಹೀರುವ ಕಣಗಳಿಂದ ಎಲೆಕ್ಟ್ರಾನು ಟೈಟಾನಿಯಾಕ್ಕೆ ದಾಟಿ ಆಮ್ಲಜನಕವನ್ನು ಸೇರುತ್ತದೆ. ಬೆಳ್ಳಿ ಮತ್ತೆ ಅಯಾನಾಗುತ್ತದೆ. ಆ ಬಣ್ಣವನ್ನು ಹೀರುವವರು ಇಲ್ಲವಾದ್ದರಿಂದ ಪದರ ತನ್ನ ಮೇಲೆ ಬಿದ್ದ ಬೆಳಕಿನ ಬಣ್ಣವನ್ನೇ ತಳೆಯುತ್ತದೆ. 2003ರಲ್ಲಿ ಜಪಾನಿನ ಸಂಶೋಧಕರು ಇದನ್ನು ತೋರಿಸಿಕೊಟ್ಟರು. ಇದರ ಮೇಲೆ ಗಾಳಿಯಲ್ಲಿನ ಗಂಧಕದ ಅನಿಲಗಳು ಬೆಳ್ಳಿಯನ್ನು ಸಲ್ಫೈಡ್ ಮಾಡುತ್ತಿರುತ್ತವೆ. ಆದ್ದರಿಂದ ಸ್ಯಾಂಪಲ್ಲನ್ನು ಕತ್ತಲಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಇಡಿ. ಸರಣಿ ಮುಗಿದ ಮೇಲೆ ಮೊದಲನೆಯ ಅಳತೆಯನ್ನು ಮತ್ತೊಮ್ಮೆ ಮಾಡಿ. ಎರಡೂ ಹೊಂದಿದರೆ ನಡುವಿನ ಅಂಕಿಗಳನ್ನು ನೆಚ್ಚಿ. ಹೊಂದದಿದ್ದರೆ ಅವನ್ನು ಬದಿಗಿಟ್ಟು, ಪದರ ಏಕೆ ಬದಲಾಯಿತು ಎಂಬುದನ್ನು ಮೊದಲು ಹುಡುಕಿ.