ಜೀವನ, ಗ್ರಂಥ, ತೆರೆ: ‘ಮಾಲ್ಕಮ್ ಎಕ್ಸ್’ ಚಲನಚಿತ್ರದ ಅಧ್ಯಯನ

ಆತ್ಮಚರಿತ್ರೆಯನ್ನು ಅಭ್ಯಸಿಸುವಾಗ ವಿದ್ಯಾರ್ಥಿಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ‘ಇದೆಲ್ಲ ನಿಜವೇ?’ ಎಂಬುದು. ಅದಕ್ಕಿಂತ ಫಲಪ್ರದವಾದುದು ಇನ್ನೊಂದು: ಯಾವುದನ್ನು ಉಳಿಸಿಕೊಳ್ಳಲಾಗಿದೆ, ಯಾವುದನ್ನು ಬಿಡಲಾಗಿದೆ, ಅದರಿಂದ ಅರ್ಥವು ಹೇಗೆ ಬದಲಾಗಿದೆ? ಈ ಪ್ರಶ್ನೆಗೆ ಉತ್ತಮ ನಿದರ್ಶನವಾಗಬಲ್ಲುದು ಸ್ಪೈಕ್ ಲೀ ನಿರ್ದೇಶಿಸಿದ, ಡೆಂಜೆಲ್ ವಾಷಿಂಗ್ಟನ್ ಅಭಿನಯಿಸಿದ ‘ಮಾಲ್ಕಮ್ ಎಕ್ಸ್’ (1992) ಎಂಬ ಚಲನಚಿತ್ರ.

ಮಾಲ್ಕಮ್ ಲಿಟ್ಲ್ 1925ರಲ್ಲಿ ಅಮೆರಿಕದ ಒಮಾಹಾ ನಗರದಲ್ಲಿ ಜನಿಸಿದ. ಆರು ವರ್ಷದವನಿದ್ದಾಗ ತಂದೆ ಟ್ರಾಮ್‌ಗಾಡಿಯ ಕೆಳಗೆ ಸಿಕ್ಕು ಸತ್ತ. ಬಿಳಿಯರ ಗುಂಪೇ ಕೊಂದಿತೆಂದು ಕುಟುಂಬ ನಂಬಿತ್ತು. ತಾಯಿ ಮಾನಸಿಕ ಆಸ್ಪತ್ರೆ ಸೇರಿದಳು. ಕಳವಿನ ಅಪರಾಧಕ್ಕಾಗಿ 1946ರಿಂದ 1952ರವರೆಗೆ ಸೆರೆವಾಸ ಅನುಭವಿಸಿದ ಈತ, ‘ನೇಷನ್ ಆಫ್ ಇಸ್ಲಾಂ’ ಸಂಸ್ಥೆಯ ಪ್ರಖರ ವಾಗ್ಮಿಯಾಗಿ ಹೊರಬಂದ. ‘ಲಿಟ್ಲ್’ ಎಂಬುದು ಗುಲಾಮರ ಒಡೆಯರು ಕೊಟ್ಟ ಅಡ್ಡಹೆಸರೆಂದು ತ್ಯಜಿಸಿ, ಅಳಿಸಿಹೋದ ಆಫ್ರಿಕದ ಹೆಸರಿನ ಸ್ಥಾನದಲ್ಲಿ ‘ಎಕ್ಸ್’ ಎಂಬ ಅಕ್ಷರವನ್ನಿರಿಸಿಕೊಂಡ.

ಸೆರೆಮನೆಯ ಭಾಗವು ಭಾಷಾವಿದ್ಯಾರ್ಥಿಗಳಿಗೆ ವಿಶೇಷವಾಗಿ ಮನನೀಯ. ಚಿತ್ರದಲ್ಲಿ ಬೇನ್ಸ್ ಎಂಬ ಸಹಕೈದಿ ಮಾಲ್ಕಮ್‌ನಿಗೆ ನಿಘಂಟಿನಲ್ಲಿ ‘ಕಪ್ಪು’, ‘ಬಿಳಿ’ ಪದಗಳ ಅರ್ಥಗಳನ್ನು ಓದಿಸುತ್ತಾನೆ. ಒಂದರ ಕೆಳಗೆ ಕೊಳಕು, ಕೇಡು. ಇನ್ನೊಂದರ ಕೆಳಗೆ ಶುಚಿತ್ವ, ನಿಷ್ಕಳಂಕತೆ. ನಿಘಂಟನ್ನು ಬರೆದವರು ಯಾರು ಎಂಬ ಪ್ರಶ್ನೆ ಅಲ್ಲಿಂದಲೇ ಹುಟ್ಟುತ್ತದೆ. ನಮ್ಮ ‘ಕಪ್ಪುಹಣ’, ‘ಕಪ್ಪುಚುಕ್ಕೆ’ ಎಂಬ ಪ್ರಯೋಗಗಳನ್ನೂ ಈ ಬೆಳಕಿನಲ್ಲಿ ಪರಿಶೀಲಿಸಬಹುದು.

ಆದರೆ ಬೇನ್ಸ್ ಎಂಬ ವ್ಯಕ್ತಿ ಇರಲಿಲ್ಲ. ಮಾಲ್ಕಮ್‌ನನ್ನು ಓದಿಗೆ ಹಚ್ಚಿದವನು ಒಬ್ಬ ಸಹಕೈದಿ ನಿಜ. ಆದರೆ ಆ ಸಂಸ್ಥೆಯತ್ತ ಸೆಳೆದವರು ಅವನ ಒಡಹುಟ್ಟಿದವರು. ಚಿತ್ರವು ಇಬ್ಬಗೆಯ ಪ್ರಭಾವಗಳನ್ನು ಒಂದೇ ಪಾತ್ರದಲ್ಲಿ ಬೆಸೆದಿದೆ. ಮಕ್ಕಾ ಯಾತ್ರೆಗೆ ಹಣ ಒದಗಿಸಿದ ಮಲಸಹೋದರಿ ಎಲಾ ಕೂಡ ತೆರೆಯ ಮೇಲಿಲ್ಲ. ಇದರಿಂದ ನಾಟಕೀಯ ಬಿಗಿ ಹೆಚ್ಚಿದೆ. ಚದುರಿದ ಕುಟುಂಬವೊಂದು ತನ್ನವನನ್ನು ಕೈಬಿಡಲಿಲ್ಲವೆಂಬ ಸತ್ಯ ಮರೆಯಾಗಿದೆ.

ಈ ವ್ಯಕ್ತಿ ವಿವಾದಾಸ್ಪದನೆಂಬುದನ್ನು ಮರೆಯಲಾಗದು. ಬಿಳಿಯರೆಲ್ಲರೂ ಸೈತಾನರೆಂದು ಅವನು ವರ್ಷಗಟ್ಟಲೆ ಬೋಧಿಸಿದ. 1964ರಲ್ಲಿ ಸಂಸ್ಥೆಯನ್ನು ತೊರೆದು ಮಕ್ಕಾಕ್ಕೆ ಹೋದಾಗ, ವಿವಿಧ ವರ್ಣದವರೊಡನೆ ಸಹಪಂಕ್ತಿಯಲ್ಲಿ ಉಂಡು ಆ ಮಾತನ್ನು ಕೈಬಿಟ್ಟ. 1965ರ ಫೆಬ್ರುವರಿ 21ರಂದು ನ್ಯೂಯಾರ್ಕಿನ ಸಭೆಯೊಂದರಲ್ಲಿ ಗುಂಡಿಗೆ ಬಲಿಯಾದಾಗ ಅವನಿಗೆ 39 ವರ್ಷ.

ಚಿತ್ರಕ್ಕೆ ಆಧಾರವಾದ ಆತ್ಮಚರಿತ್ರೆಯನ್ನು ಅವನು ಹೇಳಿದಂತೆ ಬರೆದವನು ಅಲೆಕ್ಸ್ ಹೇಲಿ. ಸಂಸ್ಥೆಯೊಡನೆ ಸಂಬಂಧ ಮುರಿದಾಗ, ಗುರು ಎಲೈಜಾ ಮುಹಮ್ಮದ್‌ನನ್ನು ಹೊಗಳಿದ ಹಿಂದಿನ ಅಧ್ಯಾಯಗಳನ್ನು ತಿದ್ದಲು ಮಾಲ್ಕಮ್ ಬಯಸಿದ. ಹೇಲಿ ಬೇಡವೆಂದು ಒಪ್ಪಿಸಿದ. ಹಳೆಯ ನಂಬಿಕೆ ಹಳೆಯ ಆವೇಶದಲ್ಲಿಯೇ ಉಳಿದುದರಿಂದಲೇ ಬದಲಾವಣೆಯ ಬೆಲೆ ಓದುಗನಿಗೆ ತಿಳಿಯುತ್ತದೆ. ಲೀ ಕೂಡ ಆ ಕಟುನುಡಿಗಳನ್ನು ಮೃದುಗೊಳಿಸಲಿಲ್ಲ. ಚಿತ್ರದ ದೊಡ್ಡ ಗುಣವಿದು.

ಕೊನೆಯಲ್ಲಿ ನೆಲ್ಸನ್ ಮಂಡೇಲಾ ತರಗತಿಯೊಂದರಲ್ಲಿ ಮಕ್ಕಳೆದುರು ಮಾಲ್ಕಮ್‌ನ ಮಾತುಗಳನ್ನು ನುಡಿಯುತ್ತಾರೆ. ಹಕ್ಕನ್ನು ಯಾವ ಮಾರ್ಗದಿಂದಾದರೂ ಪಡೆಯುವೆವೆಂಬ ಅರ್ಥದ ಅಂತಿಮ ಪದಗಳನ್ನು ಮಾತ್ರ ಅವರು ಆಡಲೊಪ್ಪಲಿಲ್ಲ; ಅಲ್ಲಿ ನಿಜವಾದ ಮಾಲ್ಕಮ್‌ನ ಹಳೆಯ ಚಿತ್ರಣ ಬರುತ್ತದೆ. ಗೌರವಿಸುತ್ತಲೂ ಭಿನ್ನಾಭಿಪ್ರಾಯವನ್ನು ಉಳಿಸಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಮಹಾರಾಷ್ಟ್ರದ ನಮಗೆ ಈ ಪರಂಪರೆ ದೂರದ್ದಲ್ಲ. ಮಾಲ್ಕಮ್‌ನ ವಿಚಾರಗಳಿಂದ ಪ್ರೇರಿತವಾದ ಬ್ಲ್ಯಾಕ್ ಪ್ಯಾಂಥರ್ ಪಕ್ಷ 1966ರಲ್ಲಿ ಹುಟ್ಟಿತು. ಅದರ ಹೆಸರನ್ನು ಸ್ವೀಕರಿಸಿ 1972ರಲ್ಲಿ ಮುಂಬಯಿಯಲ್ಲಿ ದಲಿತ ಪ್ಯಾಂಥರ್ ಆರಂಭವಾಯಿತು. ಮರಾಠಿಯ ‘ಅಕ್ಕರಮಾಶಿ’ ಬರೆದ ಶರಣಕುಮಾರ ಲಿಂಬಾಳೆಯವರು ನಮ್ಮ ಅಕ್ಕಲಕೋಟೆ ತಾಲೂಕಿನವರೇ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದೊಡನೆ ಅದನ್ನೂ ಓದಿರಿ.

ಅಭ್ಯಾಸಕ್ಕೆ:
1. ಕಲ್ಪಿತ ಪಾತ್ರವೊಂದು ಜೀವನಚಿತ್ರಕ್ಕೆ ತರುವ ಲಾಭ-ನಷ್ಟಗಳನ್ನು ವಿವೇಚಿಸಿರಿ.
2. ‘ಹೇಳಿ ಬರೆಸಿದ’ ಗ್ರಂಥವನ್ನು ಆತ್ಮಚರಿತ್ರೆಯೆಂದು ಕರೆಯಬಹುದೇ? ಚರ್ಚಿಸಿರಿ.
3. ಬಣ್ಣ ಅಥವಾ ಜಾತಿಯನ್ನಾಧರಿಸಿದ ಐದು ಕನ್ನಡ ನುಡಿಗಟ್ಟುಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಅಡಗಿದ ಮೌಲ್ಯನಿರ್ಣಯವನ್ನು ಗುರುತಿಸಿರಿ.